ಬರೆಯುತ್ತಲೇ ನೋಡುವುದು: ಜಾಲಪುಟದ ಮುನ್ನೋಟ



ದೂರದರ್ಶನದ ನಿಯಂತ್ರಣ ಕೊಠಡಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಸಾಲುಸಾಲು ಪರದೆಗಳು. ಅವುಗಳಲ್ಲಿ ಎರಡು ಮುಖ್ಯ. ಒಂದರಲ್ಲಿ ಈ ಕ್ಷಣ ಪ್ರಸಾರವಾಗುತ್ತಿರುವ ದೃಶ್ಯವಿರುತ್ತದೆ, ಇನ್ನೊಂದರಲ್ಲಿ ಮುಂದೆ ಪ್ರಸಾರವಾಗಲಿರುವ ದೃಶ್ಯ. ಈ ಎರಡನೆಯದನ್ನು ಪ್ರಿವ್ಯೂ ಎನ್ನುತ್ತೇವೆ. ಭಾಷಣಕಾರರ ಹೆಸರಿನಲ್ಲಿ ಅಕ್ಷರ ತಪ್ಪಿದೆಯೇ, ಅವರ ತಲೆ ಚೌಕಟ್ಟಿನ ಆಚೆ ಹೋಗಿದೆಯೇ ಎಂಬುದು ಗೊತ್ತಾಗುವುದು ಅಲ್ಲಿ. ಜಾಲಪುಟ ಬರೆಯುವವರಿಗೂ ಇಂಥದೇ ಒಂದು ಪರದೆ ಬೇಕು. ಇಂದಿನ ಮಾತು ಅದನ್ನು ಕುರಿತದ್ದು.

ಬರಿಯ ಮಾತಿಗಿಂತ ಒಂದು ಉದಾಹರಣೆ ಇಟ್ಟುಕೊಳ್ಳುವುದು ಒಳ್ಳೆಯದು. ಚಿತ್ತಾಪುರ ತಾಲೂಕಿನ ಸನ್ನತಿಯ ಬಗ್ಗೆ ನೀವೊಂದು ಪುಟ ಮಾಡುತ್ತಿದ್ದೀರಿ ಎನ್ನೋಣ. ಭೀಮಾ ನದಿಯ ದಂಡೆಯ ಆ ಊರಿನಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂತು. ಹತ್ತಿರದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ಅಶೋಕನ ಶಿಲ್ಪವೂ, ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೂ ದೊರೆತವು. ಇಷ್ಟು ವಿಷಯ, ಒಂದು ಚಿತ್ರ, ಒಂದು ತಲೆಬರಹ. ಒಂದು ಪುಟಕ್ಕೆ ಸಾಕು.

ಇದು ತಲೆಬರಹ, ಇದು ಪ್ಯಾರಾ, ಇಲ್ಲಿ ಚಿತ್ರ ಎಂದು ಗುರುತು ಹಾಕುವುದು ಎಚ್‌ಟಿಎಂಎಲ್‌ನ ಕೆಲಸ. ಅಕ್ಷರ ಎಷ್ಟು ದೊಡ್ಡದಿರಬೇಕು, ಬಣ್ಣ ಯಾವುದು, ಸಾಲುಗಳ ನಡುವೆ ಅಂತರವೆಷ್ಟು ಎಂದು ಹೇಳುವುದು ಸಿಎಸ್‌ಎಸ್. ಇವೆರಡನ್ನೂ ಓದಿ ಪುಟವನ್ನು ಚಿತ್ರಿಸುವುದು ಬ್ರೌಸರ್. ಟಿಮ್ ಬರ್ನರ್ಸ್-ಲೀ 1990ರಲ್ಲಿ ಬರೆದ ಮೊಟ್ಟಮೊದಲ ಬ್ರೌಸರ್‌ನಲ್ಲಿ ನೋಡುವುದೂ ತಿದ್ದುವುದೂ ಒಂದೇ ಕಿಟಕಿಯಲ್ಲಿ ನಡೆಯುತ್ತಿತ್ತು. ಅನಂತರ ಜನಪ್ರಿಯವಾದ ಬ್ರೌಸರ್‌ಗಳು ನೋಡುವುದಕ್ಕೆ ಮಾತ್ರ ಆದವು. ಹೀಗಾಗಿ ಬರೆಯುವವನು ಒಂದು ಕಿಟಕಿಯಲ್ಲಿ ಬರೆದು ಇನ್ನೊಂದರಲ್ಲಿ ನೋಡಬೇಕಾಯಿತು.

ವಿಧಾನ ಸರಳ. ಪರದೆಯ ಎಡಗಡೆ ನೋಟ್‌ಪ್ಯಾಡ್, ಬಲಗಡೆ ಬ್ರೌಸರ್. ಬರೆದದ್ದನ್ನು ಸೇವ್ ಮಾಡಿ, ಬ್ರೌಸರ್‌ನಲ್ಲಿ ರಿಫ್ರೆಶ್ ಒತ್ತಿ. ಇಷ್ಟಕ್ಕೆ ಇಂಟರ್ನೆಟ್ ಕೂಡ ಬೇಕಿಲ್ಲ. ಆದರೆ ಒಂದು ಮಾತು ಮನಸ್ಸಿನಲ್ಲಿರಲಿ. ಬ್ರೌಸರ್ ನಿಮ್ಮ ಬರವಣಿಗೆಯ ಕಿಟಕಿಯನ್ನು ನೋಡುತ್ತಿರುವುದಿಲ್ಲ, ಡಿಸ್ಕ್‌ನಲ್ಲಿ ಉಳಿಸಿದ ಕಡತವನ್ನು ನೋಡುತ್ತದೆ. ‘ಎಷ್ಟು ಸಲ ಬಣ್ಣ ಬದಲಿಸಿದರೂ ಬದಲಾಗುತ್ತಿಲ್ಲ’ ಎಂದು ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಸೇವ್ ಮಾಡಿರುವುದಿಲ್ಲ. ಕೆಲವರು ಡೆಸ್ಕ್‌ಟಾಪ್‌ನಲ್ಲಿರುವ ಪ್ರತಿಯನ್ನು ತಿದ್ದುತ್ತ, ಡೌನ್‌ಲೋಡ್ಸ್‌ನಲ್ಲಿರುವ ಪ್ರತಿಯನ್ನು ನೋಡುತ್ತಿರುತ್ತಾರೆ. ಇನ್ನೂ ಒಂದು ಕಾರಣವುಂಟು. ಒಮ್ಮೆ ತಂದ ಸಿಎಸ್‌ಎಸ್ ಕಡತವನ್ನು ಬ್ರೌಸರ್ ತನ್ನ ಸಂಗ್ರಹದಲ್ಲಿ ಇಟ್ಟುಕೊಂಡು, ಹಳೆಯದನ್ನೇ ಮತ್ತೆ ತೋರಿಸಬಹುದು. ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಆರ್ ಒತ್ತಿದರೆ ಹೊಸದನ್ನು ತರುತ್ತದೆ.

ಈಗ ಸೇವ್ ಮಾಡಿದ ಕೂಡಲೇ ಪುಟ ತಾನಾಗಿಯೇ ಹೊಸದಾಗುವ ವ್ಯವಸ್ಥೆಯೂ ಇದೆ. ವಿಎಸ್ ಕೋಡ್ ಎಂಬ ಉಚಿತ ತಂತ್ರಾಂಶಕ್ಕೆ ಲೈವ್ ಸರ್ವರ್ ಎಂಬ ಪೂರಕವನ್ನು ಸೇರಿಸಿದರೆ ಅದು ನಿಮ್ಮ ಗಣಕದಲ್ಲೇ ಒಂದು ಪುಟ್ಟ ಸರ್ವರ್ ನಡೆಸುತ್ತದೆ. ಪುಟದೊಳಗೆ ಒಂದು ಚಿಕ್ಕ ಸ್ಕ್ರಿಪ್ಟ್ ಸೇರಿಸಿ, ಕಡತ ಬದಲಾದೊಡನೆ ಅದಕ್ಕೆ ಸುದ್ದಿ ಮುಟ್ಟಿಸುತ್ತದೆ. ಬ್ರೌಸರ್‌ನಲ್ಲೇ ಎಫ್ 12 ಒತ್ತಿದರೆ ತೆರೆಯುವ ಡೆವಲಪರ್ ಟೂಲ್ಸ್ ಇನ್ನೂ ಚುರುಕು, ಅಲ್ಲಿ ಅಂಕಿ ಬದಲಿಸುತ್ತಿದ್ದಂತೆ ಪುಟವೂ ಬದಲಾಗುತ್ತದೆ. ಆದರೆ ಅದು ನೀರಿನ ಮೇಲಿನ ಬರಹ. ರಿಫ್ರೆಶ್ ಒತ್ತಿದರೆ ಎಲ್ಲವೂ ಹೋಯಿತು. ಒಪ್ಪಿಗೆಯಾದ ಅಂಕಿಯನ್ನು ನಿಮ್ಮ ಕಡತಕ್ಕೆ ತಂದು ಬರೆಯಲೇಬೇಕು.

ಮುನ್ನೋಟ ಇಷ್ಟು ಮುಖ್ಯವಾಗಲು ಕಾರಣ ಬ್ರೌಸರ್‌ನ ಸೌಜನ್ಯ. ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆದವರಿಗೆ ಗೊತ್ತು, ಒಂದು ಸೆಮಿಕೋಲನ್ ಬಿಟ್ಟರೆ ಕಂಪೈಲರ್ ಗದರುತ್ತದೆ, ಮುಂದೆ ಹೋಗಗೊಡುವುದಿಲ್ಲ. ಬ್ರೌಸರ್ ಗದರುವುದಿಲ್ಲ. ಸಿಎಸ್‌ಎಸ್‌ನಲ್ಲಿ ಬಣ್ಣದ ಸಾಲಿನ ಕೊನೆಗೆ ಸೆಮಿಕೋಲನ್ ಮರೆತರೆ ಆ ಸಾಲನ್ನೂ ಅದರ ಮುಂದಿನದನ್ನೂ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ದಪ್ಪಕ್ಷರದ ಟ್ಯಾಗನ್ನು ಮುಚ್ಚದಿದ್ದರೆ ಅಲ್ಲಿಂದ ಕೆಳಗಿನದೆಲ್ಲ ದಪ್ಪವಾಗುತ್ತದೆ. ಪುಟವಂತೂ ಬರುತ್ತದೆ, ನೀವು ಬಯಸಿದ ಪುಟವಲ್ಲ ಅಷ್ಟೆ. ದೋಷ ಹೇಳುವವರು ಯಾರೂ ಇಲ್ಲದ ಕಡೆ ಕಣ್ಣೇ ಕಂಪೈಲರ್. ಆದ್ದರಿಂದ ಒಂದು ಬದಲಾವಣೆ ಮಾಡಿ, ನೋಡಿ, ಆಮೇಲೆ ಇನ್ನೊಂದು ಮಾಡಿ. ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಪರಿಣಾಮ ನೋಡುತ್ತೀರಲ್ಲವೇ? ಇದೂ ಹಾಗೆಯೇ. ಹತ್ತು ಸಾಲು ಬದಲಿಸಿ ಒಮ್ಮೆ ನೋಡಿದರೆ ಪುಟ ಕೆಟ್ಟದ್ದು ಯಾವ ಸಾಲಿನಿಂದ ಎಂದು ಹುಡುಕುತ್ತ ಕೂರಬೇಕಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಪಠ್ಯಪುಸ್ತಕದಲ್ಲಿಯೂ ಸಿಗುತ್ತದೆ. ಕನ್ನಡದಲ್ಲಿ ಪುಟ ಮಾಡುವವರು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಮುನ್ನೋಟ ತೋರಿಸುವುದು ನಿಮ್ಮ ಯಂತ್ರದ ಪುಟವನ್ನು, ಓದುಗರ ಯಂತ್ರದ ಪುಟವನ್ನಲ್ಲ.

ಕನ್ನಡದ ಮಟ್ಟಿಗೆ ಇದು ದುಬಾರಿ ಪಾಠ. 1990ರ ದಶಕದ ಕನ್ನಡ ಜಾಲತಾಣಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್‌ಗಳನ್ನು ಬಳಸುತ್ತಿದ್ದವು. ಪುಟ ಮಾಡಿದವರ ಗಣಕದಲ್ಲಿ ಆ ಫಾಂಟ್ ಇರುತ್ತಿತ್ತು, ಹೀಗಾಗಿ ಅವರ ಮುನ್ನೋಟದಲ್ಲಿ ಮುತ್ತಿನಂಥ ಕನ್ನಡ. ಫಾಂಟ್ ಇಲ್ಲದ ಓದುಗರಿಗೆ ಕಾಣುತ್ತಿದ್ದುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ‘ಮೊದಲು ಈ ಫಾಂಟ್ ಇಳಿಸಿಕೊಳ್ಳಿ’ ಎಂಬ ಸೂಚನೆ ಆಗಿನ ಪುಟಗಳಲ್ಲಿ ಸಾಮಾನ್ಯವಾಗಿತ್ತು. ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಸಂಕೇತಗಳನ್ನು ಕೊಟ್ಟಿತ್ತು. ಆದರೆ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್‌ನೊಡನೆ ಬಂದದ್ದು 2001ರಲ್ಲಿ, ಆಂಡ್ರಾಯ್ಡ್ ಫೋನ್‌ಗಳಿಗೆ ಕನ್ನಡದ ಬೆಂಬಲ ದೊರೆತದ್ದು 2012ರ 4.1 ಆವೃತ್ತಿಯಲ್ಲಿ. ನಡುವಿನ ವರ್ಷಗಳಲ್ಲಿ ಬರೆದವರಿಗೆ ಕಂಡ ಕನ್ನಡ ಎಷ್ಟೋ ಓದುಗರಿಗೆ ಕಾಣಲೇ ಇಲ್ಲ.

ಆ ತೊಂದರೆ ಬಹುಪಾಲು ಮುಗಿದಿದೆ, ಅದರ ತಮ್ಮಂದಿರು ಇದ್ದಾರೆ. ಪುಟದ ತಲೆಭಾಗದಲ್ಲಿ ಇದು ಯುಟಿಎಫ್-8 ಎಂದು ಬರೆಯದಿದ್ದರೆ ಬ್ರೌಸರ್ ಊಹೆ ಮಾಡುತ್ತದೆ, ಊಹೆ ತಪ್ಪಿದರೆ ಮತ್ತೆ ಅಕ್ಷರಗಳ ರಾಶಿ. ಸನ್ನತಿಯ ಚಿತ್ರಕ್ಕೆ ‘ಸಿ ಡ್ರೈವ್’ನಿಂದ ಶುರುವಾಗುವ ವಿಳಾಸ ಕೊಟ್ಟರೆ ನಿಮ್ಮ ಗಣಕದಲ್ಲಿ ಚಿತ್ರ ಬರುತ್ತದೆ, ಬೇರೆಯವರಿಗೆ ಖಾಲಿ ಚೌಕ. ಚಿತ್ರದ ಹೆಸರನ್ನು ಒಂದು ಕಡೆ ಇಂಗ್ಲಿಷ್ ದೊಡ್ಡಕ್ಷರದಿಂದ, ಇನ್ನೊಂದು ಕಡೆ ಸಣ್ಣಕ್ಷರದಿಂದ ಬರೆದರೆ ವಿಂಡೋಸ್ ಎರಡನ್ನೂ ಒಂದೇ ಎಂದುಕೊಳ್ಳುತ್ತದೆ. ಲಿನಕ್ಸ್ ಸರ್ವರ್ ಹಾಗೆ ಒಪ್ಪುವುದಿಲ್ಲ.

ಕನ್ನಡದ ಒತ್ತಕ್ಷರಗಳದು ಬೇರೆಯೇ ಕಥೆ. ಇಂಗ್ಲಿಷ್‌ಗೆ ಸಾಕಾಗುವ ಸಾಲಿನ ಅಂತರ ‘ರಾಷ್ಟ್ರಕೂಟ’ಕ್ಕೆ ಸಾಲದು. ಷಕಾರದ ಕೆಳಗಿನ ಟಕಾರ, ರಕಾರಗಳು ಮುಂದಿನ ಸಾಲಿನ ತಲೆಗೆ ತಾಗುತ್ತವೆ. ತಲೆಬರಹದ ಪೆಟ್ಟಿಗೆಗೆ ಗಟ್ಟಿಯಾಗಿ ಎತ್ತರ ನಿಗದಿ ಮಾಡಿ, ಹೊರಚಾಚಿದ್ದನ್ನು ಮರೆಮಾಡಲು ಹೇಳಿದ್ದರೆ ಒತ್ತುಗಳ ಕಾಲೇ ಕತ್ತರಿಸಿಹೋಗುತ್ತದೆ. ಸಾಲಿನ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಅಥವಾ ತುಸು ಹೆಚ್ಚಿರಲಿ ಎಂಬುದು ನನ್ನ ಅಭಿಪ್ರಾಯ. ಮುನ್ನೋಟಕ್ಕೆ ‘ಸನ್ನತಿ’ ಎಂಬಂಥ ಸರಳ ಪದ ಇಟ್ಟುಕೊಂಡರೆ ಇದು ಗೊತ್ತಾಗುವುದಿಲ್ಲ. ‘ಶಾಸ್ತ್ರೀಯ’, ‘ವೈಶಿಷ್ಟ್ಯ’ಗಳನ್ನು ಹಾಕಿ ನೋಡಬೇಕು.

ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಗಳು ಚಿತ್ರದ ಅಂಚನ್ನು ಸ್ವಲ್ಪ ನುಂಗುತ್ತಿದ್ದವು. ಸ್ಟುಡಿಯೋದ ಪರದೆಯಲ್ಲಿ ಅಂಚಿನ ಅಕ್ಷರ ಪೂರ್ತಿ ಕಂಡರೂ ಮನೆಯ ಟಿ.ವಿ.ಯಲ್ಲಿ ಕಾಣದೆ ಹೋಗಬಹುದೆಂದು, ಹೆಸರುಗಳನ್ನು ಒಳಗಿನ ಒಂದು ಚೌಕಟ್ಟಿನಲ್ಲೇ ಬರೆಯುವ ನಿಯಮವಿತ್ತು. ಈ ಭಾಗಕ್ಕೆ ಟಿ.ವಿ. ಮೊದಲು ಬಂದದ್ದು 1975–76ರ ಸೈಟ್ ಉಪಗ್ರಹ ಪ್ರಯೋಗದಲ್ಲಿ, ಊರೆಲ್ಲ ಕುಳಿತು ನೋಡುವ ಸಾರ್ವಜನಿಕ ಪೆಟ್ಟಿಗೆಯಾಗಿ. ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಅಕ್ಷರ ಕಾಣಬೇಕಿತ್ತು.

ಇಂದು ವಾಡಿಯಲ್ಲೋ ಚಿಂಚೋಳಿಯಲ್ಲೋ ನಿಮ್ಮ ಪುಟ ತೆರೆಯುವವರು ಬಹುಶಃ ಫೋನಿನಲ್ಲೇ ತೆರೆಯುತ್ತಾರೆ. ತಲೆಭಾಗದಲ್ಲಿ ವ್ಯೂಪೋರ್ಟ್ ಸಾಲು ಇಲ್ಲದಿದ್ದರೆ ಫೋನು ಪುಟವನ್ನು ಗಣಕದ ಅಗಲಕ್ಕೆ ಹರಡಿ, ಆಮೇಲೆ ಕುಗ್ಗಿಸಿ ತೋರಿಸುತ್ತದೆ. ಆಗ ಅಕ್ಷರ ಇರುವೆಯಷ್ಟು. ಡೆವಲಪರ್ ಟೂಲ್ಸ್‌ನಲ್ಲಿ ಫೋನಿನ ಅಗಲದಲ್ಲಿ ನೋಡುವ ಸೌಲಭ್ಯವಿದೆ, ಅದನ್ನು ಬಳಸಿ. ಆದರೂ ಅಲ್ಲಿ ಕಾಣುವ ಫಾಂಟ್ ಗಣಕದ್ದೇ, ಫೋನಿನದಲ್ಲ. ನಿಜವಾದ ಫೋನಿನಲ್ಲಿ ನೋಡಲು ಖರ್ಚಿಲ್ಲ. ಗಣಕವನ್ನು ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ, ಲೈವ್ ಸರ್ವರ್ ನಡೆಸಿ, ಗಣಕದ ಐಪಿ ವಿಳಾಸ, ಕೋಲನ್, 5500 ಎಂದು ಫೋನಿನ ಬ್ರೌಸರ್‌ನಲ್ಲಿ ಬರೆದರೆ ಪುಟ ಅಲ್ಲಿ ತೆರೆಯುತ್ತದೆ. ಗಣಕದ ಫೈರ್‌ವಾಲ್ ಅನುಮತಿ ಕೇಳಿದರೆ ಕೊಡಿ. ಇಷ್ಟಾದ ಮೇಲೆ ಗಣಕದಲ್ಲಿ ಸೇವ್ ಮಾಡಿದಾಗಲೆಲ್ಲ ಕೈಯಲ್ಲಿರುವ ಫೋನಿನ ಪುಟವೂ ಬದಲಾಗುತ್ತದೆ.

ಸಾಧ್ಯವಾದರೆ ಆ ಫೋನು ನಿಮ್ಮದಾಗಿರದೆ, ಮನೆಯಲ್ಲಿರುವ ಎಲ್ಲಕ್ಕಿಂತ ಹಳೆಯ ಫೋನಾಗಿರಲಿ. ಅದನ್ನು ಅಜ್ಜಿಯ ಕೈಗೋ ತಮ್ಮನ ಕೈಗೋ ಕೊಟ್ಟು, ಏನೂ ಹೇಳದೆ ಪಕ್ಕದಲ್ಲಿ ನಿಂತು ನೋಡಿ. ಎಲ್ಲಿ ಅವರು ಎರಡು ಬೆರಳಿಟ್ಟು ಅಕ್ಷರ ಹಿಗ್ಗಿಸುತ್ತಾರೋ, ಗಣಕಕ್ಕೆ ಮರಳಿ ಮೊದಲು ಆ ಸಾಲನ್ನು ತಿದ್ದಿ.