ಪರವೂರಿನಲ್ಲಿ ನಮ್ಮ ಮಾತಿನ ಪತ್ರಿಕೆ

ಉತ್ತರ ಕರ್ನಾಟಕದ ಪುರ್ತಗೇರಿಯಂಥ ಊರುಗಳಿಂದ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುವವರಿಗೆ ಬಾಡಿಗೆ ಮನೆ ಎಲ್ಲಿ, ಮಕ್ಕಳಿಗೆ ಶಾಲೆ ಯಾವುದು, ಕೂಲಿ ಕೊಡದವನ ಮೇಲೆ ದೂರು ಯಾರಿಗೆ ಎಂದು ಅವರ ಮಾತಿನಲ್ಲೇ ಹೇಳುವವರು ಬೇಕು.

ಮುಂಬಯಿ ಕನ್ನಡಿಗರಿಗೆ ‘ಕರ್ನಾಟಕ ಮಲ್ಲ’ ದಿನಪತ್ರಿಕೆಯಿದೆ. ಸಂಘದ ಸಭೆ, ಯಕ್ಷಗಾನ, ತೀರಿಕೊಂಡವರ ಫೋಟೋ, ಹೋಟೆಲಿನವರ ಜಾಹೀರಾತು. ದೊಡ್ಡ ಪತ್ರಿಕೆಗಳಿಗೆ ಇವೆಲ್ಲ ಸುದ್ದಿಯೇ ಅಲ್ಲ ಬಿಡಿ. ಇಂಥ ಪತ್ರಿಕೆ ಪರದೇಶದಲ್ಲೂ ಉಂಟು: ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಇಗ್ನಾಸಿಯೊ ಲೊಸಾನೊ 1926ರಲ್ಲೇ ಸ್ಪ್ಯಾನಿಷ್ ಪತ್ರಿಕೆ ‘ಲಾ ಒಪಿನಿಯೋನ್’ ತೆಗೆದರು. 2006ರಲ್ಲಿ ಅಲ್ಲಿನ ಸ್ಪ್ಯಾನಿಷ್ ರೇಡಿಯೊದವರು ಕರೆ ಕೊಟ್ಟರೆ, ಲಕ್ಷಗಟ್ಟಲೆ ವಲಸಿಗರು ಬೀದಿಗಿಳಿದರು!

ಮುಂಬಯಿ ಹೋಟೆಲಿನವರ ಹತ್ತಿರ ಜಾಹೀರಾತಿಗೆ ದುಡ್ಡಿತ್ತು, ಗೋವಾಕ್ಕೆ, ಮಂಗಳೂರಿಗೆ ಹೋದ ನಮ್ಮ ಗೌಂಡಿಗಳ ಹತ್ತಿರ ಎಲ್ಲಿಂದ ಬರಬೇಕು? ಪತ್ರಿಕೆ ಆಗದಿದ್ದರೆ ರೇಡಿಯೊ ಇದೆ; ಧಾರವಾಡ ಆಕಾಶವಾಣಿಯೇನೋ ಈಗ ಮೊಬೈಲಿನಲ್ಲೂ ಕೇಳುತ್ತದೆ. ಆದರೆ ಗೋವಾದ ವಾಸ್ಕೋದಲ್ಲಿರುವ ಕೂಲಿಯ ಸುದ್ದಿ ಅದರಲ್ಲಿ ಬರಬೇಕೆಂದರೆ, ಅಲ್ಲಿಂದ ಯಾರಾದರೂ ಬರೆದು ಕಳಿಸಬೇಕಲ್ಲ.