ವಾಲ್ವ್ ಗಿಟಾರ್ ಆಂಪ್ಲಿಫೈಯರು: ಟ್ರಾನ್ಸ್‌ಫಾರ್ಮರು ಬದಲಾದರೆ ನಾದ ಬದಲಾಗುವುದೇ?

(ವಾಚನಾಲಯದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪಾಠ)



ಗಿಟಾರಿಗೂ ನಮ್ಮ ಕನ್ನಡ ವಾಚನಾಲಯಕ್ಕೂ ಏನು ನಂಟು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನಂಟು ಉಂಟು. ಗುಂಡಿ ತಿರುವಿದ ಮೇಲೆ ವಾಲ್ವು ಕಾಯುವವರೆಗೆ ತಾಳ್ಮೆಯಿಂದ ಕುಳಿತು ವಾರ್ತೆ ಕೇಳಿದ ಹಿರಿಯರು ಇಲ್ಲಿದ್ದೀರಿ. ವಾಲ್ವಿನ ಗಿಟಾರ್ ಆಂಪ್ಲಿಫೈಯರು ಆ ರೇಡಿಯೋಗೆ ತೀರ ಹತ್ತಿರದ ದಾಯಾದಿ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಮುಂದೆ ರೇಡಿಯೋ ವಾಲ್ವುಗಳನ್ನು ತಯಾರಿಸಿತು, ಇಎಲ್84 ಅವುಗಳಲ್ಲೊಂದು. ಇಂಗ್ಲೆಂಡಿನ ಪ್ರಸಿದ್ಧ ವಾಕ್ಸ್ ಎಸಿ30 ಗಿಟಾರ್ ಆಂಪ್ಲಿಫೈಯರಿನಲ್ಲಿ ದುಡಿಯುವುದೂ ಇದೇ ಜಾತಿಯ ನಾಲ್ಕು ವಾಲ್ವುಗಳೇ.

ಇನ್ನು ಕಿರಿಯರ ಮಾತು. ವಾದ್ಯವೃಂದಗಳಲ್ಲಿ ಗಿಟಾರು ನುಡಿಸುವ ಹುಡುಗರು ಹಳೆಯ ವಾಲ್ವು ಯಂತ್ರಗಳನ್ನು ಹುಡುಕಿ ತರುತ್ತಾರೆ. ತಂದ ಮೇಲೆ ಅವರನ್ನು ಒಂದು ಪ್ರಶ್ನೆ ಕಾಡುತ್ತದೆ: ಇದರ ಟ್ರಾನ್ಸ್‌ಫಾರ್ಮರು ತೆಗೆದು ಹೆಸರುವಾಸಿಯಾದ ಬೇರೊಂದನ್ನು ಕೂರಿಸಿದರೆ ನಾದ ಸುಧಾರಿಸೀತೇ? ಇದು ಸಾವಿರಾರು ರೂಪಾಯಿಯ ಪ್ರಶ್ನೆ. ಒಮ್ಮೊಮ್ಮೆ ಚೆನ್ನಾಗಿದ್ದ ಯಂತ್ರವೇ ಹಾಳಾಗುವ ಪ್ರಶ್ನೆಯೂ ಹೌದು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಾದ ಬದಲಾಗುತ್ತದೆ. ಆದರೆ ಅದನ್ನು ಬದಲಾಯಿಸುವುದು ಟ್ರಾನ್ಸ್‌ಫಾರ್ಮರಿನ ಅಳತೆಗಳು. ಮೇಲೆ ಅಂಟಿಸಿದ ಹೆಸರಿಗೆ ಆ ಶಕ್ತಿಯಿಲ್ಲ. ಇದು ಹೇಗೆಂಬುದನ್ನು ಈಗ ನೋಡೋಣ.

ಇಂಥ ಯಂತ್ರದಲ್ಲಿ ಮುಖ್ಯವಾಗಿ ಎರಡು ಟ್ರಾನ್ಸ್‌ಫಾರ್ಮರುಗಳಿರುತ್ತವೆ. ಒಂದು ಗೋಡೆಯ ವಿದ್ಯುತ್ತನ್ನು ತೆಗೆದುಕೊಂಡು ವಾಲ್ವುಗಳಿಗೆ ಬೇಕಾದ ಹೆಚ್ಚಿನ ವೋಲ್ಟನ್ನೂ ಅವುಗಳ ತಂತು ಕಾಯಿಸಲು 6.3 ವೋಲ್ಟನ್ನೂ ಕೊಡುತ್ತದೆ. ಇದು ಪವರ್ ಟ್ರಾನ್ಸ್‌ಫಾರ್ಮರು. ಇನ್ನೊಂದು ಕೊನೆಯ ವಾಲ್ವುಗಳಿಗೂ ಸ್ಪೀಕರಿಗೂ ನಡುವೆ ಕುಳಿತಿರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಹಾಡೆಲ್ಲ ಈ ಎರಡನೆಯದರ ಮೂಲಕವೇ ಹಾದು ಹೊರಬರಬೇಕು. ಆದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳೋಣ.

ವಾಲ್ವು ಹೆಚ್ಚಿನ ವೋಲ್ಟಿನಲ್ಲಿ, ಸಣ್ಣ ಕರೆಂಟಿನಲ್ಲಿ ದುಡಿಯುವ ಪ್ರಾಣಿ. ಸ್ಪೀಕರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಕಡಿಮೆ ವೋಲ್ಟು, ಹೆಚ್ಚು ಕರೆಂಟು. ಇಬ್ಬರ ನಡುವಣ ದುಭಾಷಿಯೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಅದರ ಎರಡು ಸುರುಳಿಗಳ ಸುತ್ತುಗಳ ಅನುಪಾತವನ್ನು ವರ್ಗ ಮಾಡಿದರೆ, ಸ್ಪೀಕರಿನ ಹೊರೆ ವಾಲ್ವಿಗೆ ಎಷ್ಟು ಪಟ್ಟಾಗಿ ಕಾಣುತ್ತದೆಂಬುದು ಸಿಗುತ್ತದೆ. 8 ಓಮಿನ ಸ್ಪೀಕರು ವಾಲ್ವುಗಳಿಗೆ 4000 ಓಮಾಗಿ ಕಾಣಬೇಕಾದರೆ 500 ಪಟ್ಟು ಬೇಕು. ಸುತ್ತುಗಳ ಅನುಪಾತ ಸುಮಾರು 22ಕ್ಕೆ 1 ಆಗಬೇಕು. ಅದೇ ತುದಿಗೆ 16 ಓಮಿನ ಸ್ಪೀಕರು ಕಟ್ಟಿದರೆ ವಾಲ್ವು 8000 ಓಮನ್ನು ಕಾಣುತ್ತದೆ. 4 ಓಮಿನದಾದರೆ 2000 ಓಮನ್ನು.

ಎತ್ತಿನ ಬಲ ನೋಡಿ ನೇಗಿಲು ಕಟ್ಟುವಂತೆ ವಾಲ್ವಿನ ಜಾತಿ ನೋಡಿ ಈ ಅಂಕಿಯನ್ನು ಗೊತ್ತುಮಾಡಬೇಕು. 6ವಿ6 ವಾಲ್ವುಗಳ ಜೋಡಿಗೆ ವಾಡಿಕೆಯಾಗಿ 8000 ಓಮಿನ ಸುಮಾರು, ಇಎಲ್34 ಜೋಡಿಗೆ 3400 ಓಮಿನ ಸುಮಾರು. ಅಂಕಿ ತೀರ ಮೇಲಾದರೆ ವಾಲ್ವಿನ ವೋಲ್ಟಿನ ಏರಿಳಿತ ಬೇಗ ತನ್ನ ಮಿತಿಗೆ ತಾಗಿ, ಶಕ್ತಿ ಕುಗ್ಗಿ, ಒಳಗಿನ ಸ್ಕ್ರೀನ್ ಜಾಲರಿ ಬಿಸಿಯಾಗುತ್ತದೆ. ತೀರ ಕೆಳಗಾದರೆ ಕರೆಂಟು ಹೆಚ್ಚಿ ಪ್ಲೇಟು ಕಾಯುತ್ತದೆ. ಎರಡರಲ್ಲೂ ನಾದ ಒಡೆಯುವ ಬಗೆ ಬೇರೆಯಾಗುತ್ತದೆ. "ಹೊಸ ಟ್ರಾನ್ಸ್‌ಫಾರ್ಮರು ಹಾಕಿದೆ, ನಾದವೇ ಬೇರೆಯಾಯಿತು" ಎನ್ನುವವರು ಎಷ್ಟೋ ಸಲ ಕೇಳಿಸಿಕೊಂಡದ್ದು ಈ ಅಂಕಿಯ ವ್ಯತ್ಯಾಸವನ್ನೇ.

ಎರಡನೆಯದು ಮಂದ್ರಸ್ವರದ ವಿಚಾರ. ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಕಂಪನಗಳಲ್ಲಿ ನುಡಿಯುತ್ತದೆ. ಆ ಸ್ವರ ಸ್ಪೀಕರಿಗೆ ಸೇರಬೇಕಾದರೆ ಮೊದಲ ಸುರುಳಿಗೆ ಸಾಕಷ್ಟು ಇಂಡಕ್ಟೆನ್ಸು ಇರಬೇಕು. ಅದು 10 ಹೆನ್ರಿಯಿದ್ದರೆ 82 ಕಂಪನದಲ್ಲಿ ಸುಮಾರು 5150 ಓಮಿನ ತಡೆ ಒಡ್ಡುತ್ತದೆ. 3 ಹೆನ್ರಿಯಿದ್ದರೆ ಸುಮಾರು 1550 ಓಮು ಮಾತ್ರ. ತಡೆ ಕಡಿಮೆಯಾದಷ್ಟೂ ಮಂದ್ರದ ಪಾಲು ಸ್ಪೀಕರಿಗೆ ಹೋಗದೆ ಸುರುಳಿಯಲ್ಲೇ ಸೋರಿಹೋಗುತ್ತದೆ.

ಇದರ ಜೊತೆಗೆ ಕಬ್ಬಿಣದ ತಿರುಳಿನ ಗಾತ್ರವೂ ಸೇರಿಕೊಳ್ಳುತ್ತದೆ. ಅದೇ ವೋಲ್ಟಿನಲ್ಲಿ ಕಂಪನ ಅರ್ಧಕ್ಕಿಳಿದರೆ ಕಬ್ಬಿಣ ಹೊರಬೇಕಾದ ಕಾಂತಪ್ರವಾಹ ಇಮ್ಮಡಿಯಾಗುತ್ತದೆ. ಕಬ್ಬಿಣಕ್ಕೂ ಒಂದು ಮಿತಿಯುಂಟು. ಅದು ತುಂಬಿದ ಮೇಲೆ ಸುರುಳಿಯ ತಡೆ ಕುಸಿದು, ಸ್ವರದ ಅಂಚು ಮಸಕಾಗಿ ಒಡೆಯುತ್ತದೆ. ಫೆಂಡರ್ ಕಂಪನಿಯ ಚಾಂಪ್ ಎಂಬ ಪುಟ್ಟ ಯಂತ್ರದಲ್ಲಿ ಔಟ್‌ಪುಟ್ಟಿಗೆ ಒಂದೇ 6ವಿ6 ವಾಲ್ವು, ಜೊತೆಗೆ ಸಣ್ಣ ಟ್ರಾನ್ಸ್‌ಫಾರ್ಮರು. ಅದನ್ನು ದೊಡ್ಡ ತಿರುಳಿನದಕ್ಕೆ ಬದಲಿಸಿದರೆ ಮಂದ್ರ ತುಂಬಿ ಬರುವುದು ನಿಜ. ಆದರೆ ಅದರ ಸ್ಪೀಕರು 8 ಅಂಗುಲದ್ದು, ಪೆಟ್ಟಿಗೆಯೂ ಚಿಕ್ಕದು. ತುಂಬಿ ಬಂದ ಮಂದ್ರವನ್ನೆಲ್ಲ ಅದು ನುಡಿಸಲಾರದು. ಚಾಂಪಿನ ಸೊಗಸನ್ನು ಬಯಸುವವರಿಗೆ ಆ ಸಣ್ಣ ಟ್ರಾನ್ಸ್‌ಫಾರ್ಮರಿನ ಕೊರತೆಯೇ ಎಷ್ಟೋ ಸಲ ಬೇಕಾಗಿರುತ್ತದೆ.

ಮೂರನೆಯದು ತಾರಸ್ವರದ ವಿಚಾರ. ಎರಡು ಸುರುಳಿಗಳ ನಡುವೆ ಕಾಂತಪ್ರವಾಹ ಪೂರ್ತಿ ಹಾಯದೆ ಒಂದಿಷ್ಟು ಹೊರಗೆ ಸೋರುತ್ತದೆ. ಈ ಸೋರಿಕೆ ಹೆಚ್ಚಿದರೆ ಮೇಲಿನ ಸ್ವರಾಂಶಗಳು ಮೊಂಡಾಗುತ್ತವೆ. ಸುರುಳಿಗಳನ್ನು ಭಾಗ ಮಾಡಿ, ಒಂದರ ನಡುವೆ ಒಂದನ್ನು ಪದರಪದರವಾಗಿ ಸುತ್ತಿ ಇದನ್ನು ಕಡಿಮೆ ಮಾಡುತ್ತಾರೆ. ಸ್ಕಾಟ್ಲೆಂಡಿನ ವಿಲಿಯಂಸನ್ನರು 1947ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟಿಸಿದ ಹೆಸರಾಂತ ಆಂಪ್ಲಿಫೈಯರಿನ ಜೀವವೇ ಇಂಥ ಟ್ರಾನ್ಸ್‌ಫಾರ್ಮರಿನಲ್ಲಿತ್ತು. ಆದರೆ ಅದು ಗ್ರಾಮಫೋನ್ ತಟ್ಟೆಯ ಸಂಗೀತವನ್ನು ಇದ್ದುದಿದ್ದಂತೆ ಕೇಳಿಸಲು ಹುಟ್ಟಿದ ಯಂತ್ರ. ಗಿಟಾರ್ ಆಂಪ್ಲಿಫೈಯರಿನ ಧರ್ಮ ಬೇರೆ. ಅದು ವಾದ್ಯದ ಅರ್ಧಭಾಗ. ತಂಬೂರಿಯ ತಂತಿಯ ಕೆಳಗೆ ದಾರ ಸಿಕ್ಕಿಸಿ ಜೇಂಕಾರ ತರಿಸುತ್ತೇವಷ್ಟೆ. ಆ ದಾರ ತಂತಿಯ ಸಹಜ ಕಂಪನಕ್ಕೆ ಅಡ್ಡಿಯೆಂದು ಯಾರೂ ಕಿತ್ತೆಸೆಯುವುದಿಲ್ಲ. ಅಲ್ಲದೆ ಗಿಟಾರಿನ ಸ್ಪೀಕರುಗಳು ಸೆಕೆಂಡಿಗೆ 5000 ಕಂಪನ ದಾಟಿದ ಮೇಲೆ ಬೇಗ ಸೊರಗುತ್ತವೆ. 50000 ಕಂಪನದವರೆಗೆ ಓಡಬಲ್ಲ ದುಬಾರಿ ಟ್ರಾನ್ಸ್‌ಫಾರ್ಮರಿನ ಮೇಲಿನ ಓಟವೆಲ್ಲ ಅಲ್ಲಿ ಕಿವಿಗೆ ಮುಟ್ಟದು.

ನಾಲ್ಕನೆಯದು ಬಹಳ ಮಂದಿ ಮರೆಯುವ ಅಂಶ. ಅನೇಕ ಯಂತ್ರಗಳಲ್ಲಿ ಸ್ಪೀಕರಿಗೆ ಹೋಗುವ ಸಂಕೇತದ ಒಂದು ಪಾಲನ್ನು ಹಿಂದಕ್ಕೆ ತಂದು ಒಳಗಿನ ವಾಲ್ವಿಗೆ ಕೊಡುತ್ತಾರೆ. ಇದು ಫೀಡ್‌ಬ್ಯಾಕು. ಇದು ಹೆಚ್ಚಿದರೆ ನಾದ ಬಿಗಿಯಾಗುತ್ತದೆ, ತಗ್ಗಿದರೆ ಸಡಿಲವಾಗುತ್ತದೆ. ಒಂದೇ ಶಕ್ತಿಯಲ್ಲಿ 16 ಓಮಿನ ತುದಿಯ ವೋಲ್ಟು 2 ಓಮಿನ ತುದಿಯದರ ಸುಮಾರು 2.8 ಪಟ್ಟು. ಹೀಗಿರಲು ಮಿಕ್ಕದ್ದೇನನ್ನೂ ಮುಟ್ಟದೆ ಆ ತಂತಿಯನ್ನು ಬೇರೊಂದು ತುದಿಗೆ ಬೆಸೆದರೂ ಯಂತ್ರದ ನಡತೆಯೇ ಬದಲಾಗುತ್ತದೆ. ಇನ್ನು ಮೊದಲ ಸುರುಳಿಯ ಎರಡು ತುದಿಗಳು ಅದಲುಬದಲಾದರಂತೂ ಬಿಗಿಹಿಡಿಯಬೇಕಾದ ಫೀಡ್‌ಬ್ಯಾಕು ಉಬ್ಬಿಸುವ ಫೀಡ್‌ಬ್ಯಾಕಾಗಿ, ಯಂತ್ರ ಊಳಿಡುತ್ತದೆ.

ಇನ್ನು ಪವರ್ ಟ್ರಾನ್ಸ್‌ಫಾರ್ಮರು. ಚಾಳಿನಲ್ಲಿ ಕೆಳಮನೆಯವರು ನಲ್ಲಿ ತಿರುವಿದಾಗ ಮೇಲ್ಮನೆಯ ಧಾರೆ ಸಣ್ಣಗಾಗುವುದನ್ನು ಮುಂಬಯಿಯಲ್ಲಿ ಬಾಳಿದವರಿಗೆ ವಿವರಿಸಬೇಕಿಲ್ಲ. ಗಟ್ಟಿಯಾಗಿ ಒಂದು ಮೇಳಸ್ವರ ಮೀಟಿದಾಗ ವಾಲ್ವುಗಳು ಕರೆಂಟನ್ನು ಒಮ್ಮೆಲೇ ಎಳೆಯುತ್ತವೆ. ಸುರುಳಿಯ ತಂತಿ ಸಣ್ಣದಿದ್ದರೆ, ಜೊತೆಗೆ ರೆಕ್ಟಿಫೈಯರೂ ವಾಲ್ವಿನದಾದರೆ, ವೋಲ್ಟು ಕ್ಷಣಕಾಲ ಕುಗ್ಗಿ ಮತ್ತೆ ಏರುತ್ತದೆ. ಸ್ವರ ಅದುಮಿದಂತಾಗಿ ಅನಂತರ ಅರಳುತ್ತದೆ. ದಪ್ಪ ತಂತಿಯ ಟ್ರಾನ್ಸ್‌ಫಾರ್ಮರು ಹಾಕಿದರೆ ಈ ಅರಳುವಿಕೆ ಹೋಗಿ ಮೀಟು ಖಡಕ್ಕಾಗುತ್ತದೆ. ಯಾವುದು ಒಳ್ಳೆಯದೆಂಬುದು ನುಡಿಸುವವನ ಕೈಗೆ ಬಿಟ್ಟದ್ದು.

ವೋಲ್ಟು ಹೆಚ್ಚಿಸಿದರೆ ದೊಡ್ಡ ಗೆಲವಾಗುತ್ತದೆಂಬ ನಂಬಿಕೆಯೂ ಇದೆ. ವೋಲ್ಟು ನೂರಕ್ಕೆ 10ರಷ್ಟು ಏರಿದರೆ ಶಕ್ತಿ ಹೆಚ್ಚೆಂದರೆ ನೂರಕ್ಕೆ 21ರಷ್ಟು ಏರೀತು. ಕಿವಿಯ ಲೆಕ್ಕದಲ್ಲಿ ಅದು ಒಂದು ಡೆಸಿಬೆಲ್ಲೂ ಆಗದು. ಆದರೆ ಆ ನೂರಕ್ಕೆ 10ರಲ್ಲಿ ಕೆಪ್ಯಾಸಿಟರುಗಳು ತಮ್ಮ ಮಿತಿ ದಾಟಬಹುದು, ವಾಲ್ವುಗಳ ಆಯುಸ್ಸು ಕುಗ್ಗಬಹುದು.

ನಮ್ಮ ದೇಶಕ್ಕೆ ಸಲ್ಲುವ ಒಂದು ಮಾತು ಇಲ್ಲಿದೆ. ಅಮೆರಿಕದ ಯಂತ್ರ ಅಲ್ಲಿಯ ಸುಮಾರು 120 ವೋಲ್ಟಿಗೆ, ಸೆಕೆಂಡಿಗೆ 60 ಆವರ್ತದ ವಿದ್ಯುತ್ತಿಗೆ ಕಟ್ಟಿದ್ದು. ನಮ್ಮದು 230 ವೋಲ್ಟು, 50 ಆವರ್ತ. ನಡುವೆ ಇಡುವ ಇಳಿಕೆಯ ಟ್ರಾನ್ಸ್‌ಫಾರ್ಮರು ವೋಲ್ಟನ್ನು ತಗ್ಗಿಸೀತೇ ಹೊರತು ಆವರ್ತವನ್ನು ಬದಲಿಸದು. ಕಬ್ಬಿಣದ ಮೇಲೆ ನೂರಕ್ಕೆ 20ರಷ್ಟು ಹೆಚ್ಚು ಹೊರೆ ಬಿದ್ದು, ಜಿಪುಣತನದಿಂದ ಕಟ್ಟಿದ ಟ್ರಾನ್ಸ್‌ಫಾರ್ಮರು ಗುಂಯ್‌ಗುಟ್ಟಿ ಕಾಯುತ್ತದೆ. ಅಂಥ ಕಡೆ 230 ವೋಲ್ಟು 50 ಆವರ್ತಕ್ಕೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರು ಹಾಕುವುದು ಶೋಕಿಯಲ್ಲ. ಯಂತ್ರದ ಪ್ರಾಣ ಉಳಿಸುವ ಕೆಲಸ.

ಈಗ ಚರಿತ್ರೆಯ ಒಂದು ನಿದರ್ಶನ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲಿಯೋ ಫೆಂಡರರ ಕಂಪನಿ 1958ರಿಂದ 1960ರವರೆಗೆ ಬಾಸ್‌ಮನ್ 5ಎಫ್6-ಎ ಎಂಬ ಮಾದರಿಯನ್ನು ತಯಾರಿಸಿತು. ಲಂಡನ್ನಿನ ಹ್ಯಾನ್‌ವೆಲ್ಲಿನಲ್ಲಿ ವಾದ್ಯಗಳ ಅಂಗಡಿಯಿಟ್ಟಿದ್ದ ಜಿಮ್ ಮಾರ್ಷಲ್ಲರು 1962ರಲ್ಲಿ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಅವರೊಡನೆ ಅದೇ ನಕ್ಷೆಯನ್ನು ಹೆಚ್ಚುಕಡಿಮೆ ಹಾಗೆಯೇ ಅನುಸರಿಸಿ ಜೆಟಿಎಂ45 ಕಟ್ಟಿದರು. ನಕ್ಷೆ ಒಂದೇ, ನಾದ ಮಾತ್ರ ಬೇರೆ. ಟ್ರಾನ್ಸ್‌ಫಾರ್ಮರುಗಳು ಇಂಗ್ಲೆಂಡಿನವು, ಮೊದಮೊದಲು ರೇಡಿಯೋಸ್ಪೇರ್ಸ್ ಮಾರುತ್ತಿದ್ದವು, ಅನಂತರ ಡ್ರೇಕ್ ಕಂಪನಿಯವು. ಆ ಹೆಸರುಗಳಿಗೆ ಇಂದು ದಂತಕಥೆಯ ಬೆಲೆ ಬಂದಿದೆ.

ಆದರೆ ನಿಧಾನಿಸಿ ನೋಡಬೇಕು. ಬಾಸ್‌ಮನ್ನಿನಲ್ಲಿ 10 ಅಂಗುಲದ ನಾಲ್ಕು ಜೆನ್ಸನ್ ಸ್ಪೀಕರುಗಳಿದ್ದು ಪೆಟ್ಟಿಗೆಯ ಬೆನ್ನು ತೆರೆದಿತ್ತು. ಮಾರ್ಷಲ್ಲರು 12 ಅಂಗುಲದ ನಾಲ್ಕು ಸೆಲೆಸ್ಚನ್ ಸ್ಪೀಕರುಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರು. ಒಂದರ ಮೊದಲ ವಾಲ್ವು 12ಎವೈ7, ಇನ್ನೊಂದರದು ಅದಕ್ಕಿಂತ ಹೆಚ್ಚು ವರ್ಧಿಸುವ ಇಸಿಸಿ83. ಕೊನೆಯ ವಾಲ್ವುಗಳು 5881 ಇದ್ದದ್ದು ಮುಂದೆ ಕೆಟಿ66 ಆದವು. ಇಷ್ಟೆಲ್ಲ ಒಟ್ಟಿಗೆ ಬದಲಾದ ಮೇಲೆ ಕೀರ್ತಿಯನ್ನೆಲ್ಲ ಟ್ರಾನ್ಸ್‌ಫಾರ್ಮರೊಂದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಡುಗೆ ರುಚಿಯಾದದ್ದು ಉಪ್ಪಿನಿಂದಲೇ ಎಂದು ಸಾಧಿಸಿದಂತಾದೀತು. ಉಪ್ಪಿಲ್ಲದೆ ಅಡುಗೆಯಿಲ್ಲ, ಸರಿಯೇ. ಆದರೆ ಒಂದು ಹಿಡಿ ಹೆಚ್ಚು ಸುರಿದರೆ ರುಚಿ ಹೆಚ್ಚುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಾದ ಹಿಡಿಸದಿದ್ದರೆ ಮೊದಲು ಸ್ಪೀಕರನ್ನು ಪರೀಕ್ಷಿಸಿರಿ, ಆಮೇಲೆ ವಾಲ್ವುಗಳನ್ನು, ಬತ್ತಿದ ಕೆಪ್ಯಾಸಿಟರುಗಳನ್ನು. ಟ್ರಾನ್ಸ್‌ಫಾರ್ಮರಿನ ಸರದಿ ಕಡೆಗೆ. ಅದನ್ನು ಬದಲಿಸುವುದಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಬೆಸುಗೆ ಹಾಕಿ ಮುಗಿಸುವಷ್ಟರಲ್ಲಿ ಕಿವಿ ಹಿಂದಿನ ನಾದವನ್ನು ಮರೆತಿರುತ್ತದೆ. ಆದಕಾರಣ ಒಂದೇ ವಾದನವನ್ನು ಮುಂಚೆಯೇ ಮುದ್ರಿಸಿಟ್ಟು, ಎರಡು ಸಲವೂ ಅದನ್ನೇ ಯಂತ್ರಕ್ಕೆ ಕೊಟ್ಟು, ಹೊರಬಂದದ್ದನ್ನು ಸಮನಾದ ಗಟ್ಟಿತನದಲ್ಲಿ ಹೋಲಿಸಿರಿ. ತುಸು ಗಟ್ಟಿಯಾದದ್ದು ಯಾವಾಗಲೂ ಇಂಪಾಗಿಯೇ ಕೇಳಿಸುತ್ತದೆ. ಅಲ್ಲಿ ಮೋಸಹೋಗುವುದು ಸುಲಭ.

ಎರಡು ಎಚ್ಚರಿಕೆಗಳನ್ನು ಎಲ್ಲರೂ ನೆನಪಿಡಬೇಕು. ಈ ಯಂತ್ರಗಳಲ್ಲಿ 400 ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ಇರುವುದುಂಟು. ಗೋಡೆಯ ತಂತಿ ಕಿತ್ತ ಮೇಲೂ ಕೆಪ್ಯಾಸಿಟರುಗಳಲ್ಲಿ ಅದು ಉಳಿದಿರಬಹುದು, ಕೊಲ್ಲಲೂಬಹುದು. ಬಲ್ಲವರ ಸಹಾಯವಿಲ್ಲದೆ ಒಳಗೆ ಕೈಯಿಡಬೇಡಿರಿ. ಇನ್ನೊಂದು, ಸ್ಪೀಕರು ಜೋಡಿಸದೆ ವಾಲ್ವಿನ ಆಂಪ್ಲಿಫೈಯರನ್ನು ನುಡಿಸಲೇಬೇಡಿರಿ. ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟು ಚಿಮ್ಮಿ ಸುರುಳಿಯ ಹೊದಿಕೆಯನ್ನೇ ಸೀಳಿಬಿಡುತ್ತದೆ. ಎಷ್ಟೋ ಹಳೆಯ ಟ್ರಾನ್ಸ್‌ಫಾರ್ಮರುಗಳು ಸತ್ತದ್ದು ಮುಪ್ಪಿನಿಂದಲ್ಲ, ಈ ಒಂದು ಅಲಕ್ಷ್ಯದಿಂದ.

ಕೊನೆಯದಾಗಿ, ಟ್ರಾನ್ಸ್‌ಫಾರ್ಮರು ನಿಜವಾಗಿಯೂ ಸುಟ್ಟುಹೋದರೆ ಅದನ್ನು ಗುಜರಿಗೆ ಹಾಕಬೇಡಿರಿ. ಅದು ಹೇಗೆ ಹುಟ್ಟಿತೆಂಬುದಕ್ಕೆ ಎಷ್ಟೋ ಸಲ ಅದೊಂದೇ ದಾಖಲೆ. ನಮ್ಮ ಊರುಗಳ ಗಲ್ಲಿಗಳಲ್ಲಿ ಮೋಟಾರು, ಟ್ರಾನ್ಸ್‌ಫಾರ್ಮರು ಮರುಸುತ್ತುವ ಕುಶಲಿಗಳು ಇನ್ನೂ ಇದ್ದಾರೆ. ಅಂಥವರ ಮುಂದೆ ಕುಳಿತು, ಬಿಚ್ಚುತ್ತ ಹೋದಂತೆ ಪ್ರತಿ ಪದರದ ಸುತ್ತುಗಳನ್ನು ಎಣಿಸಿ, ತಂತಿಯ ದಪ್ಪ, ಪದರಗಳ ಕ್ರಮ, ನಡುವಿನ ಕಾಗದ, ತಗಡಿನ ರಾಶಿಯ ಎತ್ತರ ಇವನ್ನೆಲ್ಲ ಬರೆದುಕೊಂಡರೆ, ಸತ್ತ ಟ್ರಾನ್ಸ್‌ಫಾರ್ಮರಿನ ಸೋದರನನ್ನೇ ಪಡೆಯಬಹುದು. ಕಡಲಾಚೆಯಿಂದ ತರಿಸಿದ ದುಬಾರಿ ಹೆಸರಿಗಿಂತ, ಅಳತೆ ಬರೆದ ಆ ಒಂದು ಹಾಳೆ ಹೆಚ್ಚು ಬೆಲೆಯುಳ್ಳದ್ದು. ನಾಳೆ ಇನ್ನೊಬ್ಬನ ಯಂತ್ರ ಕೆಟ್ಟಾಗ ಅವನಿಗೂ ಅದು ಒದಗುತ್ತದೆ. ನಿಮ್ಮಲ್ಲಿ ಯಾರಾದರೂ ಅಂಥ ಹಾಳೆಯೊಂದನ್ನು ಸಿದ್ಧಪಡಿಸಿದರೆ, ಅದರ ಪ್ರತಿಯೊಂದನ್ನು ಈ ವಾಚನಾಲಯಕ್ಕೂ ಕೊಡಿರೆಂದು ಬೇಡುತ್ತೇನೆ.