ಗೂಡು ಮೊದಲು, ಕೋಳಿ ಆಮೇಲೆ



ಹಿತ್ತಲಲ್ಲಿ ಸಾಕಲೆಂದೇ ವನರಾಜ, ಗ್ರಾಮಪ್ರಿಯ ಕೋಳಿ ತಳಿಗಳನ್ನು ರೂಪಿಸಿದ್ದು ನಮ್ಮ ಹೈದರಾಬಾದಿನ ರಾಜೇಂದ್ರನಗರದ ಕುಕ್ಕುಟ ಸಂಶೋಧನಾ ನಿರ್ದೇಶನಾಲಯ. ವನರಾಜದ ಬಣ್ಣದ ಗರಿ ಗಿಡಗಂಟಿಗಳ ನಡುವೆ ಬೆರೆತುಹೋಗುತ್ತದೆ. ಉದ್ದ ಕಾಲು ಓಡಿ ತಪ್ಪಿಸಿಕೊಳ್ಳಲು ನೆರವಾಗುತ್ತದೆ. ಇದು ಹಗಲಿನ ಮಾತು. ಕತ್ತಲಾದರೆ ಕೋಳಿಗೆ ಕಣ್ಣು ಕಾಣದು. ಆಗ ಗೂಡೇ ಗತಿ.

ಮರಿಗಳನ್ನು ಆರು ವಾರ ಒಳಗೇ ಬೆಳೆಸಿ ಆಮೇಲೆ ಹೊರಗೆ ಬಿಡಿ. ಎಳೆಮರಿ ಹದ್ದು, ಕಾಗೆ, ಬೆಕ್ಕಿಗೆ ಸುಲಭದ ತುತ್ತು. ತೆಳು ತಂತಿಯ ಜಾಲರಿಯನ್ನು ನಾಯಿ ಹರಿಯುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿಸಿ, ಒಂದು ಅಡಿ ನೆಲದೊಳಗೆ ಹೂಳಿ. ಹೆಗ್ಗಣ, ಮುಂಗುಸಿ ಕೆಳಗಿನಿಂದ ತೋಡಿ ಬರುತ್ತವೆ. ಚೆಲ್ಲಿದ ಕಾಳನ್ನು ಸಂಜೆಯೇ ಗುಡಿಸಿ. ಕಾಳಿಗೆ ಇಲಿ, ಇಲಿಯ ಹಿಂದೆ ಹಾವು.

ವಿಷ ಮಾತ್ರ ಇಡಬೇಡಿ. ಮುಂಗುಸಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ವಿಷಕ್ಕೆ ನಮ್ಮ ಕೋಳಿ, ನೆರೆಮನೆ ಮಗು ಎಂಬ ಭೇದವೂ ಇಲ್ಲ.

ಹಳ್ಳಿಯ ಎಷ್ಟೋ ಹೆಂಗಸರಿಗೆ ಮೊಟ್ಟೆ ಮಾರಿದ ದುಡ್ಡೇ ಸ್ವಂತದ ಗಂಟು. ಒಂದು ರಾತ್ರಿ ಗೂಡಿನ ಬಾಗಿಲು ಮರೆತರೆ ಆ ಗಂಟೇ ಹೋಯಿತು. ಊರಿನ ಅಕ್ಕತಂಗಿಯರಿಗೆ ಕೋಳಿಮರಿ ಕೊಡಿಸುವವರು ಮೊದಲು ಗೂಡಿಗೆ ಜಾಲರಿ ಕೊಡಿಸಿ.